ಕೈಯಿಟ್ಟು ಹೇಳಿದ್ದು

ಮೂರನೆಯ ಕುರಿಯ ಕಾರ್ಜವನ್ನು ಅಂಗೈಯಲ್ಲಿಟ್ಟುಕೊಂಡು ಚಿಕ್ಕವನು ನಿಂತೇ ಇದ್ದ. ಬಿಸಿ ಇನ್ನೂ ಆರಿರಲಿಲ್ಲ. ಹೊಟ್ಟೆ ಸೀಳಿದ ಕೂಡಲೇ ಕಾರ್ಜವನ್ನು, ಎಂದರೆ ಲಿವರನ್ನು, ಹೊರಗೆಳೆದು, ಪಿತ್ತದ ಚೀಲ ಒಡೆಯದಂತೆ ಬಿಡಿಸಿ, ಹೆಬ್ಬೆರಳು ಮೇಲೆ ಉಳಿದ ಬೆರಳು ಕೆಳಗೆ ಇಟ್ಟು, ಅಂಚಿನಿಂದ ನಡುವಿನವರೆಗೆ ಒಮ್ಮೆ ಒತ್ತಿಕೊಂಡು ಹೋಗುವುದು ಈ ಅಂಗಡಿಯ ಪದ್ಧತಿ. ಒಳ್ಳೆಯದಾದರೆ ಎಲ್ಲ ಕಡೆ ಒಂದೇ ಸಮ ಬಗ್ಗುತ್ತದೆ. ಕೆಟ್ಟದ್ದಾದರೆ ಎಲ್ಲೋ ಒಂದು ಕಡೆ ಬೆರಳಿಗೆ ಗಟ್ಟಿ ಸಿಗುತ್ತದೆ, ಅದು ಬಕೆಟ್ಟಿಗೆ ಹೋಗುತ್ತದೆ. ಇಷ್ಟಕ್ಕೂ ನಾಲ್ಕು ಸೆಕೆಂಡು ಸಾಕು. ಇಪ್ಪತ್ತಾರು ವರ್ಷದಲ್ಲಿ ಅವನಿಗೆ ಐದನೆಯ ಸೆಕೆಂಡು ಬೇಕಾಗಿರಲಿಲ್ಲ. ಈಗ ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷ ಕಳೆದಿತ್ತು. ಬೆರಳಿಗೆ ಗಟ್ಟಿ ಸಿಕ್ಕಿತು ಎನ್ನಿಸುತ್ತಿತ್ತು, ಮತ್ತೆ ಅದೇ ಜಾಗಕ್ಕೆ ಬಂದರೆ ಸಿಗುತ್ತಿರಲಿಲ್ಲ. ಅವನು ಅದನ್ನು ಬಕೆಟ್ಟಿಗೆ ಎಸೆದ. ಅಲ್ಲಿ ಆಗಲೇ ಎರಡಿದ್ದವು.

ಕಟ್ಟೆಯ ಆಚೆ ಚೀಲ ಹಿಡಿದು ನಿಂತಿದ್ದ ಮೇಷ್ಟ್ರು ಕತ್ತು ಚಾಚಿ ಬಕೆಟ್ಟನ್ನು ನೋಡಿದರು. "ಏನಯ್ಯಾ, ಇವತ್ತೂ ಕಾರ್ಜ ಇಲ್ವಾ? ನಿಮ್ಮ ಕುರಿಗಳೇನು ಕುಡಿಯೋಕೆ ಶುರು ಮಾಡಿವೆಯೋ ಹೇಗೆ?" ಸಾಲಿನಲ್ಲಿದ್ದ ಇಬ್ಬರು ನಕ್ಕರು. ಕೊರಡಿನ ಮುಂದೆ ತೊಡೆ ಕಡಿಯುತ್ತಿದ್ದ ಅಣ್ಣ ನಗಲಿಲ್ಲ. ಮಚ್ಚು ಮೇಲೆ ಹೋಯಿತು, ಕೆಳಗೆ ಬಂತು, ಮೂಳೆಯನ್ನು ಎರಡು ಮಾಡಿ ಅದರ ಕೆಳಗಿದ್ದ ಮರಕ್ಕೆ ಒಂದು ಅಂಗುಲ ಇಳಿಯಿತು. ಅಷ್ಟು ಜೋರು ಬೇಕಿರಲಿಲ್ಲ. ಮಚ್ಚನ್ನು ಕೀಳಲು ಅಣ್ಣ ಎರಡೂ ಕೈ ಹಾಕಬೇಕಾಯಿತು. ಅವನ ಬಲಗೈಯ ಗೆಣ್ಣುಗಳ ಮೇಲೆ ಸಿಪ್ಪೆ ಎದ್ದಿತ್ತು. ಮೊನ್ನೆಯ ಗಾಯ ಅದು, ಯಾವ ಹಲ್ಲಿಗೆ ತಾಗಿ ಆದದ್ದು ಎನ್ನುವುದು ಚಿಕ್ಕವನಿಗೆ ಗೊತ್ತಿತ್ತು. "ಹೋಗ್ಲಿ ಬಿಡಿ ಮೇಷ್ಟ್ರೆ, ಮನೇಲಿ ಸರಿಯಿಲ್ಲ" ಎಂದ ಅಣ್ಣ. ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡು, "ಅಮ್ಮ ಹೇಗಿದ್ದಾರೆ?" ಎಂದು ದನಿ ತಗ್ಗಿಸಿ ಕೇಳಿದರು. ಅದಕ್ಕೆ ಉತ್ತರ ಅಂಗಡಿಯ ಹಿಂದಿನ ಬಾಗಿಲ ಪರದೆಯ ಆಚೆಯಿಂದ ಬಂತು. ಕೂಗಲ್ಲ, ಮೂಗಿನಿಂದ ಎಳೆದ ಒಂದು ದನಿ, ಉಸಿರು ಮುಗಿಯುವವರೆಗೂ ಎಳೆದದ್ದು. ಮೇಷ್ಟ್ರು ಮತ್ತೇನೂ ಕೇಳದೆ ಅರ್ಧ ಕೇಜಿ ಕಟ್ಟಿಸಿಕೊಂಡು ಹೋದರು.

ಮೂವತ್ತೆಂಟು ವರ್ಷವಾಗಿದ್ದರೂ ಅವನು ಮನೆಯಲ್ಲಿಯೂ ಬೀದಿಯಲ್ಲಿಯೂ ಚಿಕ್ಕೋನೇ. ಮದುವೆ ಆಗಲಿಲ್ಲ, ಅಂಗಡಿ ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಕುತ್ತಿಗೆಗೆ ಕತ್ತಿ ಹಾಕುವುದನ್ನು ಅಪ್ಪ ಕಲಿಸಿದ್ದ, ಕಾರ್ಜ ನೋಡುವುದನ್ನು ಕಲಿಸಿದವಳು ಅಮ್ಮ. ಹನ್ನೆರಡು ವರ್ಷದವನಿದ್ದಾಗ ಅವನ ಕಣ್ಣಿಗೆ ತನ್ನ ಸೆರಗನ್ನೇ ಬಿಗಿದು, ಮುಂದೆ ತಟ್ಟೆಯಲ್ಲಿ ಐದು ಕಾರ್ಜ ಇಟ್ಟು, ಯಾವುದು ಕೆಟ್ಟದ್ದು ಹೇಳು ಎಂದಿದ್ದಳು. ತಪ್ಪು ಹೇಳಿದಾಗಲೆಲ್ಲ ತೊಡೆಗೆ ಗಿಲ್ಲುತ್ತಿದ್ದಳು, ರಕ್ತದ ಕೈಯಲ್ಲೇ. ತೊಡೆ ಕಪ್ಪಾಗುವ ಹೊತ್ತಿಗೆ ಕೈ ಕಲಿತಿತ್ತು. ಮತ್ತೊಂದು ಪದ್ಧತಿಯನ್ನೂ ಅವಳೇ ಹಾಕಿದ್ದು: ಒಬ್ಬರು ಕೈಯಿಟ್ಟು ಹೇಳಿದ ಮೇಲೆ ಇನ್ನೊಬ್ಬರು ಮುಟ್ಟುವಂತಿಲ್ಲ. ಒಳ್ಳೆಯದು ಎಂದರೆ ಒಳ್ಳೆಯದು, ಎಸೆ ಎಂದರೆ ಎಸೆಯಬೇಕು. ಹತ್ತು ಕೈ ಹತ್ತು ಮಾತು ಹೇಳಿದರೆ ಗಿರಾಕಿ ಯಾರನ್ನು ನಂಬಬೇಕು ಎನ್ನುತ್ತಿದ್ದಳು. ಅಪ್ಪ ಸಾಯುವವರೆಗೂ ಅದು ಮುರಿದಿರಲಿಲ್ಲ. ಮುರಿದವನು ಅಣ್ಣ, ಒಂಬತ್ತು ತಿಂಗಳ ಹಿಂದೆ. ಅಂದು ಚಿಕ್ಕವನು ಎಸೆದ ಕಾರ್ಜವೊಂದನ್ನು ಅಣ್ಣ ಬಕೆಟ್ಟಿನಿಂದ ಎತ್ತಿ, ತುಂಬಿದ ಗಿರಾಕಿಗಳ ಎದುರು ಕೊರಡಿನ ಮೇಲಿಟ್ಟು ಸೀಳಿ ತೋರಿಸಿದ್ದ. ಒಳಗೆ ಕೆಂಪಗೆ ನುಣ್ಣಗೆ ಇತ್ತು, ಒಂದು ಚುಕ್ಕೆಯೂ ಇರಲಿಲ್ಲ. "ನೋಡ್ರಪ್ಪ, ನಮ್ಮ ಡಾಕ್ಟ್ರು!" ಎಂದು ಅಣ್ಣ ಅದನ್ನು ಸುತ್ತ ತೋರಿಸಿದ್ದ. ತಿಂಗಳುಗಟ್ಟಲೆ ಬೀದಿಯವರೆಲ್ಲ ಅವನನ್ನು ಡಾಕ್ಟ್ರೇ ಎಂದು ಕರೆದರು. ಎಳೆ ಮಕ್ಕಳೂ ಕರೆದವು. ಅವನು ನಕ್ಕಿದ್ದ, ನಗದೆ ಏನು ಮಾಡುವುದು.

ನಾಲ್ಕನೆಯ ಕುರಿಯನ್ನು ಹಿತ್ತಲಿಗೆ ಎಳೆದುಕೊಂಡು ಹೋದ. ಕಾಲು ಕಟ್ಟಿ ಕೆಡವಿ, ಮೊಣಕಾಲನ್ನು ಹೆಗಲ ಮೇಲೂರಿ ಕತ್ತಿ ಎಳೆದ. ಕೈ ಜಾರಿತು. ಕತ್ತಿ ಆಳಕ್ಕಿಳಿಯದೆ ಚರ್ಮವನ್ನೂ ಒಂದಿಷ್ಟು ಮಾಂಸವನ್ನೂ ಮಾತ್ರ ಕತ್ತರಿಸಿತು. ಹಗ್ಗ ಸಡಿಲವಿದ್ದುದರಿಂದ ಕುರಿ ಒದರಿ ಎದ್ದು ನಿಂತಿತು, ಕುತ್ತಿಗೆಯಿಂದ ರಕ್ತ ಸುರಿಸುತ್ತ ಮೂರು ಹೆಜ್ಜೆ ನಡೆದು ತೊಟ್ಟಿಯ ಬಳಿ ಹೋಗಿ ನೀರು ನೋಡುತ್ತಾ ನಿಂತಿತು, ಕುಡಿಯಲು ಬಂದಂತೆ. ಅವನಿಗೆ ಏಕೆಂದು ತಿಳಿಯದ ಸಿಟ್ಟು ತಲೆಗೇರಿತು. ಕತ್ತಿಯ ಹಿಡಿಯಿಂದ ಅದರ ಹಣೆಗೆ ಹೊಡೆದ, ಮತ್ತೆ ಹೊಡೆದ, ಅದು ಮಂಡಿಯೂರಿದ ಮೇಲೂ ಹೊಡೆದ. ಪ್ರಾಣಿಗೆ ಹೊಡೆದವನನ್ನು ಅಪ್ಪ ಅಂಗಡಿಯಿಂದ ಒದ್ದು ಹೊರಗೆ ಹಾಕುತ್ತಿದ್ದ. ನಿನ್ನಿಂದಲೇ, ಎಂದು ಅವನು ಗಟ್ಟಿಯಾಗಿಯೇ ಅಂದ. ಕುರಿಗೆ ಹೇಳಿದನೋ ಇನ್ಯಾರಿಗೋ. ಎರಡನೆಯ ಸಲ ಕತ್ತಿ ಸರಿಯಾಗಿ ಇಳಿಯಿತು. ಅದರ ಕಾರ್ಜವನ್ನು ಮುಟ್ಟಿ ನೋಡದೆಯೇ ಎಸೆದ.

ಇದೇ ತೊಟ್ಟಿಯ ಪಕ್ಕದಲ್ಲಿ ಅಮ್ಮ ಕರುಳು ತೊಳೆಯುತ್ತ ಕುಳಿತಿದ್ದಳು, ಎಂಟು ತಿಂಗಳ ಹಿಂದಿನ ಒಂದು ರಜೆಯ ದಿನ. ಹೊರಗೆ ಹನ್ನೊಂದು ಜನ ಗಿರಾಕಿಗಳಿದ್ದರು, ಅವನಿಗೆ ಆ ಲೆಕ್ಕ ಈಗಲೂ ಬಾಯಿಗೆ ಬರುತ್ತದೆ. "ಲೋ ಚಿಕ್ಕೋನೆ, ಇಲ್ಲಿ ಸ್ವಲ್ಪ ಕೈಯಿಟ್ಟು ನೋಡು" ಎಂದು ಸೆರಗು ಸರಿಸಿ, ಬಲ ಪಕ್ಕೆಲುಬಿನ ಕೆಳಗೆ ತೋರಿಸಿದಳು. ತಟ್ಟೆಯಲ್ಲಿಟ್ಟು ಕೇಳುತ್ತಿದ್ದ ಅದೇ ದನಿ. ತಾಯಿಯ ಹೊಟ್ಟೆಯನ್ನು ಅವನು ಬುದ್ಧಿ ಬಂದ ಮೇಲೆ ಮುಟ್ಟಿರಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬೆರಳು ಊರಿದ. ಉಸಿರು ಒಳಗೆಳೆದುಕೋ ಎಂದ, ಎಳೆದುಕೊಂಡಳು. ಆಗ ಒಳಗಿನಿಂದ ಅದು ಇಳಿದು ಬಂದು ಅವನ ಬೆರಳಿಗೆ ತಾಗಿತು: ಗೋಲಿಗಿಂತ ದೊಡ್ಡದು, ಮೊಟ್ಟೆಗಿಂತ ಚಿಕ್ಕದು, ಕಲ್ಲಿನಂತೆ. ನಾಲ್ಕು ಸೆಕೆಂಡು ಕೂಡ ಬೇಕಾಗಲಿಲ್ಲ. ಹೊರಗೆ ಯಾರೋ, "ಏ ಡಾಕ್ಟ್ರೇ, ಎಷ್ಟೊತ್ತು?" ಎಂದು ಕೂಗಿದರು. "ಏನಿಲ್ಲಮ್ಮ, ಗಾಳಿ ತುಂಬ್ಕೊಂಡಿದೆ" ಎಂದ ಅವನು. "ಸರಿ, ನೀನು ನೋಡಿದ್ಯಲ್ಲ" ಎಂದು ಅವಳು ಸೆರಗು ಹೊದ್ದು ಮತ್ತೆ ಕರುಳಿಗೆ ಕೈ ಹಾಕಿದಳು. ಅಷ್ಟೇ ನಡೆದದ್ದು. ಏಕೆ ಹಾಗೆಂದೆ ಎಂದು, ಆಸ್ಪತ್ರೆಗೆ ಹೋಗಿ ಬಂದ ಮೇಲಿನ ಈ ಮೂರು ವಾರದಲ್ಲಿ ಅವನು ತನ್ನನ್ನು ನೂರು ಸಲ ಕೇಳಿಕೊಂಡಿದ್ದ, ಪ್ರತಿ ಸಲವೂ ಬೇರೆ ಬೇರೆ ಉತ್ತರ. ಹೇಳಿ ಅದು ಸುಳ್ಳಾದರೆ, ಅಮ್ಮನ್ನೂ ಬಕೆಟ್ಟಿಗೆ ಹಾಕಿದೆಯಲ್ಲೋ ಎಂದು ಅಣ್ಣ ಬೀದಿಗೆಲ್ಲ ಕೇಳುವಂತೆ ನಗುತ್ತಾನೆಂದು ಹೆದರಿದ್ದು ಒಂದು. ನಾಳೆ ಹೇಳಿದರಾಯಿತು ಎಂದುಕೊಂಡದ್ದು ಇನ್ನೊಂದು. ನಾಳೆ ಬಂದಾಗ, ನಿನ್ನೆ ಏಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎಂಬುದು ಅದರ ಮೇಲಿನದು. ಹೀಗೆ ದಿನಕ್ಕೊಂದು ಪದರ ಬೆಳೆದು, ಹೊಟ್ಟೆಯೊಳಗಿನದು ಬೆಳೆದಂತೆಯೇ ಇದೂ ಬೆಳೆಯಿತು.

ಆಸ್ಪತ್ರೆಯಲ್ಲಿ ಚಿತ್ರವನ್ನು ಬೆಳಕಿಗೆ ಹಿಡಿದ ವೈದ್ಯೆ ಸೌಮ್ಯವಾಗಿಯೇ ಮಾತಾಡಿದ್ದಳು. ಲಿವರಿನ ಎರಡೂ ಭಾಗಕ್ಕೆ ಹಬ್ಬಿದೆ, ಇನ್ನು ಕತ್ತರಿಸಲು ಬರುವುದಿಲ್ಲ, ಹೆಚ್ಚೆಂದರೆ ಆರು ವಾರ. "ಇದು ಕನಿಷ್ಠ ಆರು ತಿಂಗಳಿಂದ ಕೈಗೆ ಸಿಗೋ ಹಾಗೆ ಇದ್ದಿರಬೇಕು. ಆಗ ಒಂದೇ ಕಡೆ ಇದ್ದಿದ್ರೆ ತೆಗೆದು ಹಾಕಬಹುದಿತ್ತು. ಮನೇಲಿ ಯಾರೂ ಗಮನಿಸ್ಲಿಲ್ವಾ?" ಅಣ್ಣ ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಎತ್ತಿ ಗೋಡೆಗೆ ಬೀಸಿದ. ಕಾವಲುಗಾರರು ಇಬ್ಬರು ಬಂದು ಅವನ ರಟ್ಟೆ ಹಿಡಿದು ಹೊರಗೆ ನೂಕುವಾಗ ಅವನು ವೈದ್ಯೆಯನ್ನು ನೋಡುತ್ತಿರಲಿಲ್ಲ, ತನ್ನ ಹೆಂಡತಿಯನ್ನು, ಚಿಕ್ಕವನ ಅತ್ತಿಗೆಯನ್ನು, ನೋಡುತ್ತಿದ್ದ. ಅಮ್ಮನಿಗೆ ಮೊಣಕಾಲು ನೋವು ಬಂದಾಗಿನಿಂದ ಎರಡು ದಿನಕ್ಕೊಮ್ಮೆ ಅವಳಿಗೆ ಸ್ನಾನ ಮಾಡಿಸುತ್ತಿದ್ದವಳು ಅತ್ತಿಗೆ. ಸಾಬೂನು ಹಚ್ಚಿದ ಕೈಗೆ ಅಷ್ಟೂ ಗೊತ್ತಾಗಲಿಲ್ಲವೇ ಎಂದು ಅಣ್ಣನ ಸಿಟ್ಟು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತಿಗೆಗೆ ಮೊದಲ ಏಟು ಬಿದ್ದಿತ್ತು. ಅಂದು ಚಿಕ್ಕವನು ಅಮ್ಮನನ್ನು ಎತ್ತಿ ಮಂಚಕ್ಕೆ ಸಾಗಿಸುತ್ತಿದ್ದ. ಎತ್ತಿದ ತಕ್ಷಣ ಅವನ ಕೈ ತಾನಾಗಿಯೇ ತೂಕ ಹೇಳಿತು, ಮೂವತ್ತಾರು ಕೇಜಿ, ಮೂಳೆ ಸಮೇತ. ಆ ಕೈಯನ್ನು ಕೊರಡಿನ ಮೇಲಿಟ್ಟು ಮಣಿಕಟ್ಟಿಗೆ ಸರಿಯಾಗಿ ಕಡಿಯುವ ಯೋಚನೆ ಅವನಿಗೆ ಮೊದಲ ಬಾರಿಗೆ ಬಂದದ್ದು ಆಗ. ಯಾವ ಗೆಣ್ಣಿನ ಸಂದಿಗೆ ಮಚ್ಚು ಇಳಿದರೆ ಮೂಳೆ ಒಡೆಯದೆ ಬಿಡುತ್ತದೆ ಎನ್ನುವುದೂ ಅವನಿಗೆ ಗೊತ್ತಿತ್ತು.

ಒಂದೂವರೆಗೆ ಅಂಗಡಿಯ ಬಾಗಿಲು ಎಳೆದು ಅವನು ಹಿತ್ತಲಿಗೆ ಬಂದಾಗ ಅತ್ತಿಗೆ ಅಮ್ಮನ ಹಾಸಿಗೆಯ ಬಟ್ಟೆ ಒಗೆಯುತ್ತಿದ್ದಳು. ಮೇಲ್ತುಟಿ ಒಂದು ಕಡೆ ಊದಿ ಮೂಗಿಗೆ ತಾಗುವಂತಿತ್ತು. ಅವನಿಗೆ ಹದಿನೈದು ವರ್ಷವಿದ್ದಾಗ ಈ ಮನೆಗೆ ಬಂದವಳು, ಅವನ ಅಂಗಿಯ ಗುಂಡಿ ಹೊಲಿದವಳು. ಅವನು ಕತ್ತಿಗಳನ್ನು ತೊಟ್ಟಿಯಲ್ಲಿ ಅದ್ದಿ ಒಂದೊಂದಾಗಿ ಒರೆಸತೊಡಗಿದ.

"ಮೂರು ವಾರ ಆಯ್ತು" ಎಂದಳು ಅತ್ತಿಗೆ, ತಲೆ ಎತ್ತದೆ.

"ಏನು ಅತ್ತಿಗೆ?"

"ನೀನು ಬಾಯಿ ಬಿಡ್ತೀಯ ಅಂತ ನಾನು ಕಾಯೋಕೆ ಶುರು ಮಾಡಿ."

ಅವನ ಕೈಯಲ್ಲಿದ್ದ ಕತ್ತಿ ಕಲ್ಲಿಗೆ ತಾಗಿ ಸದ್ದಾಯಿತು. ಅತ್ತಿಗೆ ಬಟ್ಟೆಯನ್ನು ಹಿಂಡಿದಳು. "ನನ್ನ ಕೈಗೂ ಸಿಕ್ಕಿತ್ತು. ಸ್ನಾನ ಮಾಡಿಸೋವಾಗ. ಇದೇನತ್ತೆ ಇಷ್ಟು ಗಟ್ಟಿ, ಆಸ್ಪತ್ರೆಗೆ ಹೋಗೋಣ ಬನ್ನಿ ಅಂದೆ. ಕೈ ತೆಗಿ ಅಂತ ತಳ್ಳಿಬಿಟ್ರು. ಚಿಕ್ಕೋನು ಕೈಯಿಟ್ಟು ನೋಡಿದಾನೆ, ಏನಿಲ್ಲ ಅಂದಿದಾನೆ, ಆಮೇಲೆ ನೀನು ಯಾರೇ ಮುಟ್ಟೋಕೆ ಅಂದ್ರು."

"ಅಣ್ಣಂಗೆ ಹೇಳಬೇಕಿತ್ತು ನೀವು."

"ಹೇಳಿದ್ರೆ? ತಪ್ಪಿಸ್ಕೊಳ್ಳೋಕೆ ಮೈದುನನ ಮೇಲೆ ಹೊರಿಸ್ತಾಳೆ ಅಂತ ಇನ್ನೆರಡು ಜಾಸ್ತಿ ಬೀಳುತ್ತೆ. ನೀನು ಹೌದು ಅಂತೀಯ ಅನ್ನೋ ಧೈರ್ಯ ನನಗಿದೆಯಾ?" ಈಗ ಅವಳು ಅವನನ್ನು ನೋಡಿದಳು. "ನಿನ್ನ ಮುಖ ನೋಡಿದ್ರೆ ಅಯ್ಯೋ ಪಾಪ ಅನ್ಸುತ್ತೆ ಕಣೋ. ಪಾಪ ಅಂದು ಅಂದೇ ನನ್ನ ಹಲ್ಲು ಅಲ್ಲಾಡ್ತಿದೆ."

ಅವನು ಇವತ್ತೇ ಹೇಳುತ್ತೇನೆ ಎಂದ. ಊಟ ಆಗಲಿ ಎಂದ. ಅಣ್ಣ ಊಟ ಮಾಡಿ ಮಲಗಿ ಎದ್ದರೆ ಸ್ವಲ್ಪ ತಣ್ಣಗಿರುತ್ತಾನೆ, ಆಗ ಹೇಳುತ್ತೇನೆ ಎಂದ. ಹೇಳುತ್ತ ಹೇಳುತ್ತ ತನ್ನ ದನಿ ಎಷ್ಟು ನಯವಾಗಿದೆ ಎಂದು ಅವನಿಗೇ ಅಸಹ್ಯವಾಯಿತು. ಗಿರಾಕಿಗೆ ಎಲುಬು ತುಂಬುವಾಗ ಬರುವ ದನಿ ಅದು. ಅತ್ತಿಗೆ ಒದ್ದೆ ಬಟ್ಟೆಯನ್ನು ಅವನ ಮುಖಕ್ಕೆ ಹನಿ ಹಾರುವಂತೆ ಒಮ್ಮೆ ಝಾಡಿಸಿ ತಂತಿಯ ಮೇಲೆ ಹಾಕಿದಳು. ಅಮ್ಮನ ನೋವಿನ ಔಷಧಿ ನಾಲ್ಕು ಗಂಟೆಗೊಮ್ಮೆ, ಹತ್ತಕ್ಕೆ, ಎರಡಕ್ಕೆ, ಆರಕ್ಕೆ. ಐದು ಮಿಲಿ, ಮುಚ್ಚಳದ ಗೆರೆಯವರೆಗೆ. ಒಳಗಿನಿಂದ ಆ ಮೂಗಿನ ದನಿ ಎದ್ದಾಗ ಇಬ್ಬರೂ ಒಟ್ಟಿಗೇ ತಿರುಗಿದರು. ಎರಡೂ ಇಪ್ಪತ್ತಾಗಿತ್ತು.

ಅವರು ಕೋಣೆಗೆ ಹೋಗುವ ಹೊತ್ತಿಗೆ ಅಣ್ಣ ಔಷಧಿ ಕುಡಿಸಿ, ಮುಚ್ಚಳವನ್ನು ಬಾಟಲಿಗೆ ತಿರುಗಿಸುತ್ತಿದ್ದ. ನಿಧಾನವಾಗಿ, ಬಿಗಿಯಾಗಿ ತಿರುಗಿಸಿ ಕಿಟಕಿಯ ಮೇಲಿಟ್ಟ. "ಟೈಮೆಷ್ಟು?" ಎಂದ. ಅತ್ತಿಗೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ, "ಬಟ್ಟೆ ಒಗೀತಿದ್ದೆ" ಎಂದಳು. "ಟೈಮೆಷ್ಟು ಅಂದೆ." ಅವಳು ಹೇಳುವ ಮೊದಲೇ ಅವಳ ಜಡೆಯ ಬುಡ ಅವನ ಮುಷ್ಟಿಯಲ್ಲಿತ್ತು. ಬಾಗಿಲ ಚೌಕಟ್ಟಿಗೆ ಅವಳ ಹಣೆ ತಾಗಿದ ಸದ್ದು ಚಿಕ್ಕವನಿಗೆ ಮೊದಲು ಬೇರೆಲ್ಲಿಂದಲೋ ಬಂದಂತೆ ಕೇಳಿತು, ಅಂಗಡಿಯಲ್ಲಿ ಯಾರೋ ಕೊರಡು ಬಡಿದಂತೆ. ಎರಡನೆಯದು ಇಲ್ಲಿಂದಲೇ ಬಂತು. "ಆರು ತಿಂಗಳು ಉಜ್ಜಿದೀಯಲ್ಲೇ ಆ ಹೊಟ್ಟೇನ! ಕುರುಡಿ! ಕಲ್ಲು ಸಿಕ್ಕಿದ್ರೂ ಬಾಯಿ ಮುಚ್ಕೊಂಡಿದ್ಯಲ್ಲೇ! ಸಾಯ್ಲಿ ಅಂತ ತಾನೆ?" ಅತ್ತಿಗೆ ಕಿರುಚಲಿಲ್ಲ. ಕೂದಲು ಹಿಡಿದ ಕೈಯ ಕೆಳಗಿನಿಂದ ಅವಳ ಒಂದು ಕಣ್ಣು ಚಿಕ್ಕವನ ಮೇಲಿತ್ತು. ಅದರಲ್ಲಿ ಬೇಡಿಕೆ ಇರಲಿಲ್ಲ, ಸಿಟ್ಟೂ ಇರಲಿಲ್ಲ, ಬಸ್ಸು ಬರುತ್ತದೋ ಇಲ್ಲವೋ ಎಂದು ನೋಡುವವರ ಕಣ್ಣಿನಂತಿತ್ತು. ಈಗ, ಎಂದುಕೊಂಡ ಅವನು. ಬಾಯಿ ತೆರೆದ. ಮೂರನೆಯದು ತಾಗಿದ ಮೇಲೆ ಹೇಳುತ್ತೇನೆ ಎಂದು ತನ್ನೊಳಗೆ ಯಾರೋ ಲೆಕ್ಕ ಹಾಕುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ದೊಡ್ಡೋನೆ, ಅವಳನ್ನ ಬಿಡು." ಮಂಚದಿಂದ ಬಂದ ದನಿ ಅದು. ಔಷಧಿ ಇನ್ನೂ ಹತ್ತಿರಲಿಲ್ಲ, ಮಾತು ಚೊಕ್ಕವಾಗಿತ್ತು. ಅಣ್ಣನ ಕೈ ನಿಂತಿತು. "ಚಿಕ್ಕೋನೆ, ನೀನು ಬಾ ಇಲ್ಲಿ."

ಅವನು ಹೋದ. ಅಮ್ಮನ ಕಣ್ಣಿನ ಬಿಳಿಯೆಲ್ಲ ಹಳದಿಯಾಗಿತ್ತು, ಮುಖದ ಮೂಳೆಗಳು ಒಂದೊಂದಾಗಿ ಎಣಿಸಲು ಸಿಗುತ್ತಿದ್ದವು. ಅವಳು ಹೊದಿಕೆಯನ್ನು ತಾನೇ ಕೆಳಗೆ ತಳ್ಳಿದಳು. ತೆಳ್ಳನೆಯ ಮೈಯಲ್ಲಿ ಹೊಟ್ಟೆ ಮಾತ್ರ ಬಿಗಿದು ಮೇಲೆದ್ದಿತ್ತು. "ಕೈಯಿಡು." ಅವನು ಅಣ್ಣನ ಕಡೆ ನೋಡಿದ. "ಅವನನ್ನೇನು ನೋಡ್ತೀಯ? ಕೈಯಿಡು ಅಂದೆ." ಅವನು ಇಟ್ಟ. ಬೆರಳು ಊರಬೇಕಾಗಿರಲಿಲ್ಲ, ಚರ್ಮದ ಕೆಳಗೇ ಇತ್ತು, ಹೊಕ್ಕುಳಿನವರೆಗೂ ಇತ್ತು, ಗಂಟುಗಂಟಾಗಿ. "ಹೇಳು, ಏನು?"

"ಅಮ್ಮ..."

"ಅಂಗಡೀಲಿ ಏನಂತೀಯೋ ಅದನ್ನ ಹೇಳು."

"ಎಸೆಯೋದು" ಎಂದ ಅವನು.

"ಅವತ್ತು? ತೊಟ್ಟಿ ಹತ್ರ?"

ಅವನ ಕೈ ಅಲ್ಲೇ ಇತ್ತು. ಅವಳ ಉಸಿರಿನೊಂದಿಗೆ ಆ ಗಂಟುಗಳು ಮೇಲೆ ಬಂದು ಕೆಳಗೆ ಹೋಗುತ್ತಿದ್ದವು. "ಅವತ್ತೂ ಎಸೆಯೋದೇ. ಕೈಗೆ ಸಿಕ್ಕಿತ್ತು, ಗೊತ್ತಾಗಿತ್ತು. ಸುಳ್ಳು ಹೇಳಿದೆ."

ಅಮ್ಮ ಅವನ ಕೈಯನ್ನು ಎರಡು ಬೆರಳಿನಿಂದ ಎತ್ತಿ, ತನ್ನ ಮೈ ಮೇಲಿಂದ ಪಕ್ಕಕ್ಕೆ ಬಿಟ್ಟಳು. "ನನ್ನ ಕೈಗೇ ಸಿಕ್ತಿತ್ತು ಕಣೋ, ರಾತ್ರಿ ಹಗಲು" ಎಂದಳು. "ಆದ್ರೂ ನನ್ನ ಕೈ ಸುಳ್ಳು, ನಿನ್ನ ಕೈ ನಿಜ ಅಂತ ಕೂತೆ."

ಅಣ್ಣನ ಮುಖದಲ್ಲಿ ಏನೋ ನಿಧಾನವಾಗಿ ಜಾಗ ಬದಲಿಸುತ್ತಿತ್ತು. ಹೆಂಡತಿಯ ಕೂದಲನ್ನು ಹಿಡಿದಿದ್ದ ಕೈಯನ್ನು ಒಮ್ಮೆ ನೋಡಿಕೊಂಡ, ಬೆರಳಿಗೆ ಸುತ್ತಿಕೊಂಡಿದ್ದ ನಾಲ್ಕೈದು ಎಳೆಗಳನ್ನು ಬಿಡಿಸಿ ನೆಲಕ್ಕೆ ಹಾಕಿದ. ಆಮೇಲೆ ಬಂದ. ಮೊದಲ ಏಟು ಚಿಕ್ಕವನ ಕಿವಿಯ ಕೆಳಗೆ ಬಿತ್ತು, ಕೋಣೆ ಒಂದು ಸಲ ಬೆಳ್ಳಗಾಯಿತು. ಎರಡನೆಯದಕ್ಕೆ ಮೂಗಿನೊಳಗೆ ಏನೋ ಮುರಿಯಿತು, ಹಸಿ ಕಡ್ಡಿ ಮುರಿದಂತೆ. ಬಿದ್ದವನ ಪಕ್ಕೆಗೆ ಅಣ್ಣ ಒದ್ದ, ಒದೆಯುತ್ತ ಅಳುತ್ತಿದ್ದ, "ಹೇಳೋಕೇನಾಗಿತ್ತೋ, ಒಂದು ಮಾತು ಹೇಳೋಕೇನಾಗಿತ್ತೋ" ಎಂದು. ಹೇಳಿದ್ದರೆ ನೀನು ನಗುತ್ತಿದ್ದೆ ಎಂದು ಚಿಕ್ಕವನು ಹೇಳಬಹುದಿತ್ತು. ಆ ಮಾತು ಬಾಯಿಯವರೆಗೆ ಬಂದು ರಕ್ತದ ಜೊತೆ ಇದ್ದಾಗ, ಅದು ನಿಜವಲ್ಲ ಎನ್ನುವುದು ಅವನಿಗೆ ತಿಳಿಯಿತು. ಅಣ್ಣ ಜಗತ್ತಿನಲ್ಲೇ ಇಲ್ಲದಿದ್ದರೂ ಅವನು ಗಾಳಿ ಎಂದೇ ಹೇಳುತ್ತಿದ್ದ. ಅಂದು ಅವನ ಕೈ ಅಲ್ಲಿಂದ ಕಿತ್ತುಕೊಂಡು ಬರಲು ಹವಣಿಸಿತ್ತು, ಆ ಗಟ್ಟಿ ತನ್ನ ಬೆರಳಿಗೇ ಹತ್ತಿಬಿಡುತ್ತದೆ ಎಂಬಂತೆ. ಅದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ. ಅಂಗೈಯೂರಿ ಏಳಲು ನೋಡಿದ. ಅಣ್ಣ ಅವನ ಕೊರಳಪಟ್ಟಿ ಹಿಡಿದು ಅರ್ಧ ಎತ್ತಿ ಮುಷ್ಟಿ ಹಿಂದಕ್ಕೆಳೆದ. ಅತ್ತಿಗೆ ಬಾಗಿಲಿಗೆ ಒರಗಿಕೊಂಡು, ಹಣೆಗೆ ಸೆರಗು ಒತ್ತಿ ನಿಂತಿದ್ದಳು. ಅವಳು ಬಿಡಿಸಲು ಬರಲಿಲ್ಲ, ಬರಬೇಕು ಎಂದೂ ಅವನಿಗೆ ಅನ್ನಿಸಲಿಲ್ಲ. ಅಮ್ಮ ಮಾತ್ರ ಸಾಕು ಎನ್ನುತ್ತಾಳೆ ಎಂದು ಅವನ ಕಿವಿ ಕಾದಿತ್ತು.

"ನನಗೆ ಇಲ್ಲಿಂದ ಕಾಣ್ತಿಲ್ಲ" ಎಂದಳು ಅಮ್ಮ. "ಅವನ ಕಡೆ ತಿರುಗಿಸ್ರೋ ನನ್ನ."

ಅಣ್ಣನ ಮುಷ್ಟಿ ಗಾಳಿಯಲ್ಲೇ ಇತ್ತು. ಅತ್ತಿಗೆ ಮಂಚದ ಬಳಿ ಹೋಗಿ ಒಂದು ಕೈಯನ್ನು ಹೆಗಲ ಕೆಳಗೂ ಇನ್ನೊಂದನ್ನು ಸೊಂಟದ ಕೆಳಗೂ ಹಾಕಿದಳು. ಅಮ್ಮ ನೋವಿಗೆ ಹಲ್ಲು ಕಚ್ಚಿದಳು. ಒಬ್ಬರಿಂದ ಆಗುವ ಕೆಲಸವಲ್ಲ ಅದು, ಆ ಹೊಟ್ಟೆಗೆ ಒತ್ತು ಬೀಳದಂತೆ ತಿರುಗಿಸಲು ಇಬ್ಬರು ಬೇಕು. ಅಣ್ಣ ಕೊರಳಪಟ್ಟಿಯನ್ನು ಬಿಟ್ಟು ಹೋಗಿ ಆಚೆ ಬದಿಯಲ್ಲಿ ನಿಂತ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡದೆ, ಒಂದೇ ಉಸಿರಿನಲ್ಲಿ ಎತ್ತಿ, ಅವಳನ್ನು ಪಕ್ಕಕ್ಕೆ ಮಲಗಿಸಿದರು. ಬೆನ್ನಿಗೆ ದಿಂಬು ಕೊಟ್ಟರು, ಮೊಣಕಾಲುಗಳ ನಡುವೆ ಇನ್ನೊಂದು. ಅತ್ತಿಗೆ ಅತ್ತೆಯ ಮುಖಕ್ಕೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು. ಅಷ್ಟು ಹೊತ್ತೂ ಕೋಣೆಯ ಬಾಗಿಲು ತೆರೆದೇ ಇತ್ತು. ಅದರಾಚೆ ಮುಚ್ಚಿದ ಅಂಗಡಿ, ಅಂಗಡಿಯ ಆಚೆ ಬೀದಿ, ಮಧ್ಯಾಹ್ನದ ಬಿಸಿಲಿನಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋಗುತ್ತಿದ್ದರು. ಚಿಕ್ಕವನು ಏಳಲಿಲ್ಲ. ಅಣ್ಣ ಮಂಚವನ್ನು ಸುತ್ತಿ ಬರುವ ಹೆಜ್ಜೆ ಕೇಳಿಸಿದಾಗ, ಅವನು ಮೂಗಿನಿಂದ ಬಾಯಿಗೆ ಇಳಿದಿದ್ದ ರಕ್ತವನ್ನು ತೋಳಿನಿಂದ ಒರೆಸಿಕೊಂಡು, ಅಮ್ಮನಿಗೆ ಚೆನ್ನಾಗಿ ಕಾಣುವ ಹಾಗೆ ಮುಖವನ್ನು ಮೇಲೆತ್ತಿ ಹಿಡಿದ.